ಬೇಕರಿ ತಿಂಡಿ ಮನೆಗೆ ತರುವ ಮುಂಚೆ

ಮಗಳೇ, ನಾರಾವಿಯಲ್ಲಿ ಮನೆ ಮಾಡಿದ ಮೇಲೆ ಸಂಜೆ ಚಹಾಕ್ಕೆ ಬೇಕರಿಯದ್ದೇ ರೂಢಿಯಾಗಿಬಿಟ್ಟಿದೆ ಅಂತ ನೀನು ಹೇಳಿದ್ದೆ. ಮಕ್ಕಳು ಶಾಲೆ ಬಿಟ್ಟು ಬಸ್ಸಿಗೆ ಕಾಯುವಾಗಲೇ ಬನ್ನೋ ಪಫ್ಸೋ ತಿನ್ನುತ್ತಾರಂತೆ. "ಎಲ್ಲ ತೆರೆದೇ ಇಟ್ಟಿರ್ತಾರೆ ದೊಡ್ಡಮ್ಮಾ, ಕೊಡಬಹುದಾ?" ಅಂತ ಕೇಳಿದ್ದೆ. ಕೊಡಬಹುದು, ಆದರೆ ನೋಡಿ ಕೊಡಬೇಕು. ಭಟ್ಟಿಯಲ್ಲಿ ಬೇಯುವಾಗ ಬ್ರೆಡ್ಡಿನ ಒಳತಿರುಳು ಸುಮಾರು 95 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕಾಯಿಲೆ ತರುವ ಕ್ರಿಮಿಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಆಗಷ್ಟೇ ಹೊರಗೆ ಬಂದ ಬನ್ನಿನ ಬಗ್ಗೆ ನನಗೆ ಹೆದರಿಕೆ ಇಲ್ಲ. ಕೊಳೆ ಸೇರುವುದು ಆಮೇಲೆ, ಕೈಯಿಂದ, ನೊಣದಿಂದ, ಸುತ್ತುವ ಪೇಪರಿನಿಂದ, ಸೆಕೆಯಲ್ಲಿ ಗಂಟೆಗಟ್ಟಲೆ ಕೂತದ್ದರಿಂದ. ಹಾಗಾಗಿ ನಾನು ಕೆಳಗೆ ಬರೆದದ್ದೆಲ್ಲ ಭಟ್ಟಿಯಿಂದ ಹೊರಬಂದ ಮೇಲಿನ ಮಾತು.

• ಮೊದಲು ಒಣ ತಿಂಡಿ ಯಾವುದು, ಹಸಿ ತಿಂಡಿ ಯಾವುದು ಅಂತ ಬೇರೆ ಮಾಡಿಕೋ. ರಸ್ಕ್, ಟೋಸ್ಟ್, ಖಾರ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು ಇವೆಲ್ಲ ನೀರಿನಂಶ ಆರಿದ ತಿಂಡಿಗಳು. ಮುಚ್ಚಳ ಸರಿಯಾಗಿರುವ ಭರಣಿಯಲ್ಲಿದ್ದರೆ ಅವುಗಳಲ್ಲಿ ಕ್ರಿಮಿ ಬೆಳೆಯುವುದಿಲ್ಲ. ಕ್ರೀಮ್ ಬನ್, ಪೇಸ್ಟ್ರಿ, ಎಗ್ ಪಫ್ಸ್, ಚಿಕನ್ ರೋಲ್, ಒಳಗೆ ಪಲ್ಯ ತುಂಬಿದ ವೆಜ್ ಪಫ್ಸ್ ಹಾಗಲ್ಲ. ಮೊಟ್ಟೆ, ಹಾಲು, ಆಲೂಗಡ್ಡೆ ಮತ್ತು ತೇವ ಒಟ್ಟಿಗೆ ಸೇರಿದ ಕಡೆ ನಮ್ಮ ಕರಾವಳಿಯ ಸೆಕೆಯೂ ಸೇರಿದರೆ ಕ್ರಿಮಿಗೆ ಬೇರೇನೂ ಬೇಡ. ಸಾದಾ ಬನ್ನು, ದಿಲ್‌ಪಸಂದ್ ಒಣ, ಹಸಿ ಎರಡರ ನಡುವಿನವು. ಮನಸ್ಸಿಗೆ ಅನುಮಾನ ಬಂದ ಅಂಗಡಿಯಲ್ಲಿ ಮಕ್ಕಳು ಹಟ ಹಿಡಿದರೆ ಭರಣಿಯ ರಸ್ಕ್ ಕೊಡಿಸಿ ಕರೆದುಕೊಂಡು ಬಾ.

• ನೊಣದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. "ಒಂದು ನೊಣ ಕೂತರೆ ಏನಾಯ್ತು" ಅನ್ನುವವರೇ ಜಾಸ್ತಿ. ನೊಣಕ್ಕೆ ಜಗಿಯಲು ಹಲ್ಲಿಲ್ಲ. ಗಟ್ಟಿ ತಿಂಡಿಯ ಮೇಲೆ ಕೂತರೆ ಹೊಟ್ಟೆಯ ರಸವನ್ನು ಅದರ ಮೇಲೆ ಕಾರಿ, ಕರಗಿಸಿ, ಹೀರುತ್ತದೆ. ಕೂತಲ್ಲೇ ಹಿಕ್ಕೆಯನ್ನೂ ಹಾಕುತ್ತದೆ. ಅದಕ್ಕಿಂತ ಮುಂಚೆ ಅದು ಕೂತಿದ್ದದ್ದು ಚರಂಡಿಯ ಮೇಲೋ ಮೀನಂಗಡಿಯ ಹಿಂದೆಯೋ ಯಾರಿಗೆ ಗೊತ್ತು? ಭೇದಿ, ಆಮಶಂಕೆ, ಟೈಫಾಯ್ಡಿನ ಕ್ರಿಮಿಗಳು ಅದರ ಕಾಲಿಗೆ ಅಂಟಿಕೊಂಡೂ ಬರುತ್ತವೆ, ಹೊಟ್ಟೆಯೊಳಗೆ ಕೂತೂ ಬರುತ್ತವೆ. ನಮ್ಮ ಕಡೆ ಮೇ ತಿಂಗಳ ಕೊನೆಗೆ ಹಲಸು ಹಣ್ಣಾಗಿ ಉದುರಿ, ಮೊದಲ ಮಳೆ ಬಿದ್ದು, ಎಲ್ಲ ಕೊಳೆಯುವಾಗ ನೊಣ ಒಮ್ಮೆಗೇ ಏಳುತ್ತದೆ. ಸೆಕೆಯಲ್ಲಿ ಮೊಟ್ಟೆ ಹಾರುವ ನೊಣವಾಗಲು ಒಂದು ವಾರ, ಹತ್ತು ದಿನ ಸಾಕು. ಶಾಲೆ ಶುರುವಾಗುವುದೂ ಆಗಲೇ. ಆ ಒಂದೆರಡು ತಿಂಗಳು ತೆರೆದ ತಟ್ಟೆಯ ತಿಂಡಿ ಬೇಡವೇ ಬೇಡ. ನಿನ್ನ ಮನೆಯ ಹಲಸಿನ ಸಿಪ್ಪೆ, ಗೂಂಜು ಎಲ್ಲವನ್ನೂ ರಸ್ತೆ ಬದಿಗೆ ಎಸೆಯದೆ ಗುಂಡಿ ತೋಡಿ ಮಣ್ಣು ಮುಚ್ಚು. ಪೇಟೆಯ ನೊಣ ಹುಟ್ಟುವುದು ನಮ್ಮೆಲ್ಲರ ಹಿತ್ತಿಲಲ್ಲೇ.

• ಗಾಜಿನ ಕಪಾಟು ಇದೆ ಅಂದ ಮಾತ್ರಕ್ಕೆ ಸಮಾಧಾನ ಪಡಬೇಡ. ಅದರ ಹಿಂಬಾಗಿಲು ಮುಚ್ಚಿದೆಯಾ ನೋಡು. ಎಷ್ಟೋ ಕಡೆ ಮುಂದೆ ಹೊಳೆಯುವ ಗಾಜು, ಹಿಂದೆ ಇಡೀ ದಿನ ಬಾಯಿ ತೆರೆದ ಕಪಾಟು. ಒಳಗೆ ಸತ್ತ ನೊಣ, ಮೂಲೆಯಲ್ಲಿ ಜಿರಲೆಯ ಹಿಕ್ಕೆ, ಹಲ್ಲಿ ಕಂಡರೆ ಮಾತಾಡದೆ ಹೊರಡು. ಕಾರ್ಕಳದ ಕಡೆಗೂ ಗುರುವಾಯನಕೆರೆ ಕಡೆಗೂ ಓಡುವ ಬಸ್ಸು, ಲಾರಿ ಎಬ್ಬಿಸುವ ಧೂಳು ಮೊದಲು ಬೀಳುವುದು ಅಂಗಡಿಯ ಎದುರು ಸಾಲಿನ ಟ್ರೇಗಳ ಮೇಲೆ. ಗಿರಾಕಿಯನ್ನು ಕರೆಯಲೆಂದು ಹೊಸ ತಿಂಡಿಯನ್ನೇ ಅಲ್ಲಿಡುತ್ತಾರೆ. ನೀನು ಒಳಗಿನದ್ದನ್ನು ಕೇಳಿ ತೆಗೆದುಕೋ.

• ಪಫ್ಸಿನ ಕಪಾಟಿನಲ್ಲಿ ಹಳದಿ ಬಲ್ಬು ಉರಿಯುತ್ತಿರುತ್ತದೆ, ತಿಂಡಿ ಮುಟ್ಟಿದರೆ ಉಗುರು ಬೆಚ್ಚಗೆ. ಜನ ಇದನ್ನು ಬಿಸಿ ಅಂದುಕೊಳ್ಳುತ್ತಾರೆ. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಕ್ರಿಮಿಗಳು ಬೆಳೆಯುತ್ತವೆ, ಅದರಲ್ಲೂ ಮೈಬಿಸಿಯಷ್ಟಿದ್ದರೆ ತುಂಬ ಚುರುಕಾಗಿ. ಬಲ್ಬಿನ ಕೆಳಗೆ ಬೆಳಿಗ್ಗೆಯಿಂದ ಸಂಜೆವರೆಗೆ ಕೂತ ಎಗ್ ಪಫ್ಸಿಗಿಂತ ತಣ್ಣಗಿರುವ ಬನ್ನೇ ವಾಸಿ. "ಎಷ್ಟು ಗಂಟೆಯದ್ದು?" ಅಂತ ಕೇಳಲು ನಾಚಿಕೆ ಬೇಡ. ತುಂಬಿದ ತಿಂಡಿಯನ್ನು ಭಟ್ಟಿಯಿಂದ ಬಂದ ಒಂದೆರಡು ಗಂಟೆಯೊಳಗೆ ತಿನ್ನುವುದು ಒಳ್ಳೆಯದು.

• ಯಾವ ಕೈ ದುಡ್ಡು ಮುಟ್ಟುತ್ತದೆ, ಯಾವ ಕೈ ತಿಂಡಿ ಮುಟ್ಟುತ್ತದೆ ಅಂತ ನೋಡು. ಸಣ್ಣ ಅಂಗಡಿಯಲ್ಲಿ ಒಬ್ಬರೇ ಇರುತ್ತಾರೆ, ನೋಟು ಎಣಿಸಿದ ಕೈಯಲ್ಲೇ ಬನ್ನು ತೆಗೆಯುತ್ತಾರೆ. ಈಗ ಫೋನಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಹಾಕುವ ಅನುಕೂಲ ಇದೆ, ಅದನ್ನೇ ಬಳಸು. ಅವರ ಕೈಗೆ ಆ ಕೆಲಸ ತಪ್ಪುತ್ತದೆ. ಗ್ಲೌಸ್ ಹಾಕಿದ್ದಾರೆ ಅಂತ ಮರುಳಾಗಬೇಡ. ಅದೇ ಗ್ಲೌಸಿನಲ್ಲಿ ನೋಟು, ಬಟ್ಟೆ, ತಿಂಡಿ ಎಲ್ಲವನ್ನೂ ಮುಟ್ಟಿದರೆ ಬರಿಗೈಗೂ ಅದಕ್ಕೂ ಏನು ವ್ಯತ್ಯಾಸ? ಇಕ್ಕುಳ ಒಳ್ಳೆಯದು. ಅದನ್ನು ಕೌಂಟರಿನ ಒದ್ದೆ ಬಟ್ಟೆಯ ಮೇಲೆ ಇಡದೆ ಒಣಗಿದ ತಟ್ಟೆಯಲ್ಲಿ ಇಡುತ್ತಾರಾ ಅಂತಲೂ ಗಮನಿಸು.

• ತಿಂಡಿ ಕೊಡುವವರ ಬೆರಳಿನಲ್ಲಿ ಹಸಿ ಗಾಯ, ಕೀವಿನ ಗುಳ್ಳೆ ಇದ್ದರೆ, ಮೂಗು ಸೋರುತ್ತಿದ್ದರೆ ಅವತ್ತಿಗೆ ಕ್ರೀಮಿನ ತಿಂಡಿ ಬೇಡ. ಸ್ಟ್ಯಾಫಿಲೊಕಾಕಸ್ ಅನ್ನುವ ಕ್ರಿಮಿ ಇರುವುದೇ ಮನುಷ್ಯರ ಮೂಗು, ಚರ್ಮ, ಗಾಯಗಳಲ್ಲಿ. ಕ್ರೀಮಿಗೆ ಇಳಿದರೆ ಅಲ್ಲಿ ಬೆಳೆದು ವಿಷ ಬಿಡುತ್ತದೆ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ಶುರು. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರುಚಿ, ವಾಸನೆಯಲ್ಲಿ ಸುಳಿವೂ ಸಿಗುವುದಿಲ್ಲ. ಮೂಸಿ ನೋಡಿ ಒಳ್ಳೆಯದಿದೆ ಅಂತ ತೀರ್ಮಾನ ಮಾಡುವ ನಮ್ಮ ಪದ್ಧತಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

• ಹಳೇ ಪೇಪರಿನಲ್ಲಿ ಕಟ್ಟಿ ಕೊಟ್ಟರೆ ತೆಗೆದುಕೊಳ್ಳಬೇಡ. ಪಫ್ಸಿನ ಎಣ್ಣೆಗೆ, ಬಿಸಿ ಬನ್ಸಿನ ಹಬೆಗೆ ಅಚ್ಚಿನ ಶಾಯಿ ಬಿಡುತ್ತದೆ, ಅದರಲ್ಲಿ ಸೀಸದಂಥ ಲೋಹವೂ ಇರಬಹುದು. ಆ ಪೇಪರು ಎಷ್ಟು ಕೈ, ಎಷ್ಟು ನೆಲ ದಾಟಿ ಬಂದಿರುತ್ತದೆ ಅನ್ನುವುದು ಬೇರೆ. ಸುದ್ದಿಪತ್ರಿಕೆಯಲ್ಲಿ ಆಹಾರ ಸುತ್ತಬಾರದು ಅಂತ 2018ರ ಪ್ಯಾಕೇಜಿಂಗ್ ನಿಯಮದಲ್ಲೇ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಅದನ್ನು ಮತ್ತೊಮ್ಮೆ ಒತ್ತಿ ಹೇಳಿತು. ಬಾಳೆ ಎಲೆ ಹಿತ್ತಿಲಲ್ಲೇ ಇರುವ ಊರಿನಲ್ಲಿ ಪೇಪರು ಯಾಕೆ ಬೇಕು? ಎಲ್ಲಕ್ಕಿಂತ ಒಳ್ಳೆಯದು ನಿನ್ನದೇ ಸ್ಟೀಲ್ ಡಬ್ಬಿ. ಪೇಟೆಗೆ ಹೊರಡುವಾಗ ಚೀಲದಲ್ಲಿ ಒಂದು ಹಾಕಿಕೋ.

• ಪ್ಲಾಸ್ಟಿಕ್ ಕವರಿನಲ್ಲಿ ಇದ್ದದ್ದೆಲ್ಲ ಶುದ್ಧ ಅಂತಲೂ ನಂಬಬೇಡ. ಬನ್ನು ಆರುವ ಮೊದಲೇ ಕವರಿಗೆ ಹಾಕಿದರೆ ಒಳಗೆ ಹಬೆ ನೀರಾಗಿ ಮರುದಿನಕ್ಕೆ ಬೂಷ್ಟು. ಕವರಿನ ಒಳಮೈಯಲ್ಲಿ ಹನಿ ಕಂಡರೆ ಬಿಡು. ಪ್ಯಾಕೆಟ್ ಮಾಡಿ ಮಾರುವ ಬ್ರೆಡ್ಡಿನ ಮೇಲೆ ಮಾಡಿದವರ ಹೆಸರು, ದಿನಾಂಕ, 14 ಅಂಕಿಯ ಆಹಾರ ಪರವಾನಗಿ ನಂಬರು ಇರಬೇಕು. ಸ್ಟೇಪ್ಲರ್ ಪಿನ್ ಹೊಡೆದ ಕವರನ್ನು ಮಕ್ಕಳ ಕೈಗೆ ಹಾಗೇ ಕೊಡಬೇಡ, ಪಿನ್ ತಿಂಡಿಯೊಳಗೆ ಬೀಳುತ್ತದೆ.

• ಮಳೆಗಾಲದ ಬ್ರೆಡ್ಡಿನ ಮೇಲೆ ಕಣ್ಣಿಡು. ಹಸಿರು, ಕಪ್ಪು ಬೂಷ್ಟು ಒಂದು ಚುಕ್ಕೆ ಕಂಡರೂ ಆ ಭಾಗ ಚಿವುಟಿ ಉಳಿದದ್ದು ತಿನ್ನುವುದು ಬೇಡ, ಮೆತ್ತಗಿನ ಬ್ರೆಡ್ಡಿನಲ್ಲಿ ಅದರ ಬೇರು ಕಣ್ಣಿಗೆ ಕಾಣದೆ ಒಳಗೆ ಹೋಗಿರುತ್ತದೆ. ಇನ್ನೊಂದು ಕೆಡುಕು ಇದೆ, ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಬ್ರೆಡ್ಡು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಮುರಿದರೆ ನಡುವೆ ಅಂಟಂಟು, ಎಳೆದರೆ ನೂಲು, ಅತಿ ಹಣ್ಣಾದ ಅನಾನಸಿನ ವಾಸನೆ. ಕೆಲವು ಕ್ರಿಮಿಗಳ ಬೀಜ ಭಟ್ಟಿಯ ಬಿಸಿಗೂ ಸಾಯದೆ ಉಳಿದು, ಸೆಕೆಗೆ ಮೊಳೆತು ಹೀಗಾಗುತ್ತದೆ. ಅದನ್ನೂ ಎಸೆದುಬಿಡು. ಬೂಷ್ಟು ಹಿಡಿದ ಬ್ರೆಡ್ಡನ್ನು ದನಕ್ಕೆ, ಕೋಳಿಗೆ ಹಾಕುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ಇದೆ. ಹಾಕಬೇಡ. ಕೆಲವು ಬೂಷ್ಟುಗಳ ವಿಷ ದನದ ಹೊಟ್ಟೆಗೆ ಹೋದರೆ ಹಾಲಿನಲ್ಲಿ ಇಳಿದು ಮತ್ತೆ ನಮ್ಮ ಮಕ್ಕಳ ಲೋಟಕ್ಕೇ ಬರುತ್ತದೆ.

• ಗಾಳಿ ಮಳೆಗೆ ಕರೆಂಟ್ ಹೋಗಿ ಗಂಟೆಗಟ್ಟಲೆ ಬಾರದ ದಿನ ಕೇಕ್, ಪೇಸ್ಟ್ರಿ ತರಬೇಡ. ಫ್ರಿಜ್ ಆರಿ ಮತ್ತೆ ತಣ್ಣಗಾದ ಕ್ರೀಮು ನೋಡಲು ಮೊದಲಿನಂತೆಯೇ ಇರುತ್ತದೆ. ಹುಟ್ಟುಹಬ್ಬವಿದ್ದರೆ ಅಂಗಡಿಯವರಿಗೆ ಜನರೇಟರ್ ಇದೆಯಾ ಅಂತ ಮೊದಲೇ ಕೇಳು.

• ಕಣ್ಣು ಕುಕ್ಕುವ ಬಣ್ಣದ ಕೇಕು ಬೇಡ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿತ್ತು. ಉಳಿದ 223 ಸರಿಯಿದ್ದವು ಅನ್ನುವುದೂ ನೆನಪಿರಲಿ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

• ಮೊಟ್ಟೆ ಮುಟ್ಟದ ಮನೆಯವರು ನಿನ್ನ ನೆರೆಕರೆಯಲ್ಲೇ ಇದ್ದಾರೆ, ಜೈನರೂ ಬ್ರಾಹ್ಮಣರೂ. ಎಗ್ ಪಫ್ಸ್, ವೆಜ್ ಪಫ್ಸ್ ಒಂದೇ ಟ್ರೇಯಲ್ಲಿಟ್ಟು ಒಂದೇ ಇಕ್ಕುಳದಲ್ಲಿ ತೆಗೆಯುವ ಅಂಗಡಿಯಿಂದ ಅವರ ಮನೆಗೆ ಏನನ್ನೂ ಒಯ್ಯಬೇಡ. ಅವರ ನಂಬಿಕೆಗೆ ನಾವು ಕೊಡಬೇಕಾದ ಮರ್ಯಾದೆ ಅದು. ಟ್ರೇ ಬೇರೆ ಮಾಡುವುದು ಶುಚಿಗೂ ಒಳ್ಳೆಯದೇ.

• ಜಾತ್ರೆ, ಕೋಲ, ವೇಣೂರಿನ ಕಂಬಳ, ಅತ್ತೂರಿನ ಸಾಂತ್‌ಮಾರಿ ಅಂದರೆ ಮಕ್ಕಳು ಸುಮ್ಮನಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಕಣ್ಣೆದುರು ಎಣ್ಣೆಯಿಂದ ಎತ್ತುವ ಗೋಲಿಬಜೆ, ಬಿಸಿ ಜಿಲೇಬಿ ಕೊಡಿಸು. ಸಂತೆಯ ಧೂಳಿನಲ್ಲಿ ಗುಡ್ಡೆ ಹಾಕಿಟ್ಟ ಮಿಠಾಯಿಯಲ್ಲಿ ಮುಸುಕು ಹೊದಿಸಿದ್ದನ್ನು ಆರಿಸು. ಸಿಹಿಯ ಬಗ್ಗೆ ಒಂದು ನಿಯಮ ನಿನಗೆ ಗೊತ್ತಿರಲಿ: 2020ರ ಅಕ್ಟೋಬರ್ 1ರಿಂದ ಬಿಡಿಯಾಗಿ ಮಾರುವ ಸಿಹಿತಿಂಡಿಯ ಟ್ರೇ ಮೇಲೂ ಯಾವ ದಿನದೊಳಗೆ ತಿನ್ನಬೇಕು ಅಂತ ಬರೆದಿಡಬೇಕು. ಪೇಟೆಯ ಅಂಗಡಿಗಳಲ್ಲಿ ಇದನ್ನು ಕೇಳಿ ನೋಡು.

• ನಾವು ಗಿರಾಕಿಗಳೂ ಸರಿಯಾಗಬೇಕು, ಮಗಳೇ. ಬನ್ನು ಮೆತ್ತಗಿದೆಯಾ ಅಂತ ಬೆರಳಿನಿಂದ ಒತ್ತುವವರು, ಭರಣಿಗೆ ಕೈ ಹಾಕಿ ಬಿಸ್ಕತ್ತು ರುಚಿ ನೋಡುವವರು, ತೆರೆದ ಟ್ರೇ ಮೇಲೆ ಬಾಗಿ ಫೋನಿನಲ್ಲಿ ಜೋರಾಗಿ ಮಾತಾಡುವವರು ಎಲ್ಲರೂ ನಮ್ಮವರೇ. ಮಗುವನ್ನು ಎತ್ತಿಕೊಂಡು ಹೋದರೆ ಕೈ ಗಾಜಿಗಷ್ಟೇ ತಾಗಲಿ, ತಿಂಡಿಗೆ ಬೇಡ. ಮನೆಗೆ ಬಂದು ಕೈ ತೊಳೆಯದೆ ಪೊಟ್ಟಣ ಬಿಚ್ಚಿದರೆ ಅಂಗಡಿಯವರು ಮಾಡಿದ ಶುಚಿಯೆಲ್ಲ ಹೊಳೆಗೆ.

• ತಪ್ಪು ಕಂಡರೆ ಅಂಗಡಿಯವರಿಗೇ ಹೇಳು. ಬೇರೆ ಗಿರಾಕಿಗಳ ಎದುರು ಬೇಡ, ಅಂಗಡಿ ಖಾಲಿ ಇರುವ ಹೊತ್ತು ನೋಡಿ, "ಅಣ್ಣಾ, ಟ್ರೇ ಮೇಲೆ ಒಂದು ಬಲೆ ಮುಚ್ಚಳ ಇಟ್ಟರೆ ಚೆಂದ ಇತ್ತು" ಅಂತ ಹೇಳಿ ನೋಡು. ಮೂರು ಗಂಟೆಗೇ ಎದ್ದು ಹಿಟ್ಟು ಕಲಸಿ, ಬೆಂಕಿಯ ಎದುರು ಬೆವರಿ ಮಾಡಿದ್ದನ್ನು ತೆಗಳಿದರೆ ಯಾರಿಗಾದರೂ ನೋವಾಗುತ್ತದೆ. ಬಲೆ ಮುಚ್ಚಳ, ಒಂದು ಫ್ಯಾನ್, ಎರಡು ಇಕ್ಕುಳ, ಕೈ ತೊಳೆಯಲು ಸೋಪು ಇವಕ್ಕೆ ದೊಡ್ಡ ಬಂಡವಾಳ ಬೇಡ. ನೊಣಕ್ಕೆಂದು ತೆರೆದ ತಿಂಡಿಯ ಮೇಲೇ ಸ್ಪ್ರೇ ಹೊಡೆಯುವವರನ್ನು ಮಾತ್ರ ಅಲ್ಲೇ ತಡೆ, ಅದು ವಿಷ. ಬೆಳಗಿನ ಪೂಜೆಯ ಊದುಬತ್ತಿಯ ಬೂದಿ ಟ್ರೇಗೆ ಬೀಳದ ಹಾಗೆ ನೋಡಿಕೊಳ್ಳಲು ಹೇಳಿದರೆ ಯಾರೂ ಬೇಸರಿಸುವುದಿಲ್ಲ. ಹೇಳಿದ್ದನ್ನು ಮಾಡಿದ ಅಂಗಡಿಗೇ ಮತ್ತೆ ಮತ್ತೆ ಹೋಗು, ನಾಲ್ಕು ಜನಕ್ಕೂ ಹೇಳು. ಎಷ್ಟು ಹೇಳಿದರೂ ಕೇಳದಿದ್ದರೆ 1800 112 100 ಆಹಾರ ಸುರಕ್ಷತಾ ಪ್ರಾಧಿಕಾರದ ನಂಬರು, ಕರೆಗೆ ದುಡ್ಡು ಬೀಳುವುದಿಲ್ಲ. ಅಂಗಡಿಯ ಗೋಡೆಯಲ್ಲಿ ತೂಗುಹಾಕಿರುವ ನೋಂದಣಿ ಪತ್ರದ ನಂಬರನ್ನು ಬರೆದಿಟ್ಟುಕೊಂಡು ಮಾತಾಡು.

• ಇಷ್ಟೆಲ್ಲ ಮಾಡಿಯೂ ಮಗುವಿಗೆ ವಾಂತಿ, ಭೇದಿ ಶುರುವಾದರೆ ಗಾಬರಿ ಬೇಡ, ತಡವೂ ಬೇಡ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಓಆರ್‌ಎಸ್ ದೊಡ್ಡ ಪ್ಯಾಕೆಟ್ ಪೂರ್ತಿ ಹಾಕು, ಅರ್ಧ ಹಾಕಿ ಅಂದಾಜು ಮಾಡಬೇಡ. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸು, ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡು. ಗಂಜಿತಿಳಿ, ಬೊಂಡದ ನೀರೂ ಆಗುತ್ತದೆ, ಎದೆಹಾಲು ನಿಲ್ಲಿಸಬಾರದು. ಸಣ್ಣ ಮಕ್ಕಳಿಗೆ ಭೇದಿ ನಿಂತರೂ ಸತು ಮಾತ್ರೆಯನ್ನು 14 ದಿನ ಪೂರ್ತಿ ಕೊಡಬೇಕು, ಆಶಾ ಕಾರ್ಯಕರ್ತೆಯನ್ನು ಕೇಳು. ಭೇದಿ ನಿಲ್ಲಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡಬೇಡ. ಕಣ್ಣು ಗುಳಿಬಿದ್ದರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗು. ರಾತ್ರಿಯಾದರೆ ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗೆ, 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಏನು ತಿಂದದ್ದು, ಎಷ್ಟು ಗಂಟೆಗೆ, ಜತೆಗೆ ತಿಂದವರಲ್ಲಿ ಯಾರಿಗೆಲ್ಲ ಹೀಗಾಗಿದೆ ಅಂತ ಡಾಕ್ಟರಿಗೆ ಹೇಳು. ಉಳಿದ ತುಂಡನ್ನು ಎಸೆಯಬೇಡ, ಡಬ್ಬಿಯಲ್ಲಿ ಮುಚ್ಚಿ, ಯಾರೂ ತಿನ್ನದ ಹಾಗೆ ಗುರುತು ಹಾಕಿ ಫ್ರಿಜ್ಜಿನಲ್ಲಿಡು. ಪರೀಕ್ಷೆಗೆ ಬೇಕಾದೀತು.