ಇಂಗ್ಲಿಷ್ ಪರೀಕ್ಷೆಗೆ ನಾನು ಓದಿದ ರೀತಿ

ಮಧ್ಯವಾರ್ಷಿಕ ಪರೀಕ್ಷೆಯ ಇಂಗ್ಲಿಷ್ ಉತ್ತರ ಪತ್ರಿಕೆ ಕೈಗೆ ಬಂದಾಗ ಅದನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ತಳಕ್ಕೆ ಹಾಕಿದ್ದೆ. 80ಕ್ಕೆ 17 ಅಂಕ. ಅಕೌಂಟೆನ್ಸಿಯಲ್ಲಿ ತರಗತಿಗೆ ಎರಡನೆಯವಳು, ಇಂಗ್ಲಿಷಿನಲ್ಲಿ ಫೇಲ್. ಮನೆಯಲ್ಲಿ ಹೇಳಲು ಹೆದರಿಕೆಯಾದದ್ದು ಉಪ್ಪ ಬೈಯುತ್ತಾರೆಂದಲ್ಲ. ನನ್ನ ಅಕ್ಕ ಆರು ವರ್ಷಗಳ ಹಿಂದೆ ದ್ವಿತೀಯ ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದಳು. ಮತ್ತೆ ಪರೀಕ್ಷೆಗೆ ಕೂರಲಿಲ್ಲ. ಈಗ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಆ ದಾರಿಯೇ ನನ್ನದೂ ಆಗುತ್ತದೆಯೇ ಎಂಬುದು ನನ್ನ ಹೆದರಿಕೆ.

ನಮ್ಮ ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಹತ್ತನೆಯವರೆಗೆ ಕನ್ನಡ ಮಾಧ್ಯಮ, ಮದ್ರಸದಲ್ಲಿ ಅರಬಿ. ಇಷ್ಟು ಭಾಷೆ ಬರುವವಳಿಗೆ ಇನ್ನೊಂದು ಭಾಷೆ ಯಾಕೆ ಬರುವುದಿಲ್ಲ ಎಂದು ನಮ್ಮ ಇಂಗ್ಲಿಷ್ ಮೇಡಂ ಕೇಳಿದರು. ನಂತರ ನನ್ನ ಪತ್ರಿಕೆಯ ತಪ್ಪುಗಳನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡಿಸಿದರು. ಪಟ್ಟಿ ನೋಡಿದರೆ ಹೆಚ್ಚಿನ ತಪ್ಪುಗಳು ಕನ್ನಡ ಒಂದು ದಾರಿಯಲ್ಲಿ, ಇಂಗ್ಲಿಷ್ ಇನ್ನೊಂದು ದಾರಿಯಲ್ಲಿ ಹೋಗುವ ಜಾಗಗಳಲ್ಲೇ ಆಗಿದ್ದವು. ಆ ಜಾಗಗಳನ್ನು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ನನಗೆ ಉಪಯೋಗವಾದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

1. ‘ಎ’ಯೋ ‘ಆ್ಯನ್’ಓ?

ಸ್ವರದ ಮುಂದೆ ‘ಆ್ಯನ್’ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ನೋಡಬೇಕಾದದ್ದು ಇಂಗ್ಲಿಷ್ ಅಕ್ಷರವನ್ನಲ್ಲ, ಉಚ್ಚಾರವನ್ನು. ಇದಕ್ಕೆ ಅಕ್ಕ ಒಂದು ಉಪಾಯ ಕಂಡುಹಿಡಿದಳು. ಆ ಪದವನ್ನು ಕನ್ನಡದಲ್ಲಿ ಬರೆದು ನೋಡು ಎಂದಳು. ಗಂಟೆಗೆ ಇಂಗ್ಲಿಷಿನಲ್ಲಿ ‘ಅವರ್’. ಕನ್ನಡದಲ್ಲಿ ಬರೆದರೆ ‘ಅ’ ಮೊದಲು ಬರುತ್ತದೆ, ಹಾಗಾಗಿ ‘ಆ್ಯನ್ ಅವರ್’. ‘ಯೂನಿವರ್ಸಿಟಿ’ ‘ಯ’ಕಾರದಿಂದ ಶುರುವಾಗುತ್ತದೆ, ಹಾಗಾಗಿ ‘ಎ ಯೂನಿವರ್ಸಿಟಿ’. ‘ಎಂ.ಎಲ್.ಎ.’ಗೆ ‘ಆ್ಯನ್’, ‘ಯುರೋಪಿಯನ್’ಗೆ ‘ಎ’. ಒಂದು ಎಚ್ಚರಿಕೆ ಇದೆ. ನಾವು ಮಾತಿನಲ್ಲಿ ಮೊಟ್ಟೆಗೆ ‘ಯೆಗ್’ ಎನ್ನುತ್ತೇವೆ, ಸರಿಯಾದ ಉಚ್ಚಾರ ‘ಎಗ್’. ‘ಒನ್’ ಎಂದು ಬರೆಯುವ ಪದದ ಉಚ್ಚಾರ ‘ವನ್’. ಉಚ್ಚಾರ ತಪ್ಪಿದರೆ ಉತ್ತರವೂ ತಪ್ಪುತ್ತದೆ. ಅನುಮಾನವಿದ್ದರೆ ಡಿಕ್ಷನರಿಯಲ್ಲಿ ನೋಡಿಕೊಳ್ಳಿ.

2. ‘ಅಲ್ಲಿ’ ಎಂಬ ಒಂದೇ ಪ್ರತ್ಯಯ

ಊರಿನಲ್ಲಿ, ಬಸ್ಸಿನಲ್ಲಿ, ಮೀಟಿಂಗಿನಲ್ಲಿ: ಕನ್ನಡಕ್ಕೆ ‘ಅಲ್ಲಿ’ ಸಾಕು. ಇಂಗ್ಲಿಷಿನಲ್ಲಿ ಊರಿಗೆ ‘ಇನ್’, ಬಸ್ಸಿಗೆ ‘ಆನ್’, ಮೀಟಿಂಗಿಗೆ ‘ಅಟ್’. ಸಮಯಕ್ಕೂ ಹೀಗೆಯೇ. ಗಂಟೆಗೆ ‘ಅಟ್’, ದಿನಕ್ಕೆ ‘ಆನ್’, ತಿಂಗಳಿಗೂ ವರ್ಷಕ್ಕೂ ‘ಇನ್’.

ಕೆಲವು ಪದಗಳು ತಮ್ಮದೇ ಪ್ರಿಪೊಸಿಷನ್ ಇಟ್ಟುಕೊಂಡಿರುತ್ತವೆ. ಕನ್ನಡದಲ್ಲಿ ‘ಅವನೊಂದಿಗೆ ಮದುವೆ’ ಎನ್ನುತ್ತೇವೆಂದು ನಾನು ‘ಮ್ಯಾರೀಡ್ ವಿತ್’ ಬರೆದಿದ್ದೆ. ಸರಿಯಾದದ್ದು ‘ಮ್ಯಾರೀಡ್ ಟು’. ‘ಅದರ ಬಗ್ಗೆ ಚರ್ಚಿಸಿದೆವು’ ಎಂಬುದನ್ನು ‘ಡಿಸ್ಕಸ್ಡ್ ಅಬೌಟ್ ಇಟ್’ ಎಂದು ಬರೆದಿದ್ದೆ. ‘ಡಿಸ್ಕಸ್’ಗೆ ‘ಅಬೌಟ್’ ಬೇಡವೇ ಬೇಡ. ಆಮೇಲೆ ನಾನು ‘ಅಫ್ರೇಡ್ ಆಫ್’, ‘ಗುಡ್ ಅಟ್’, ‘ಡಿಪೆಂಡ್ ಆನ್’ ಮುಂತಾದವನ್ನು ಜೋಡಿಯಾಗಿಯೇ ಒಂದು ಪದದಂತೆ ಕಲಿತೆ.

3. ಕರ್ತೃ ಎಲ್ಲಿದೆ?

‘ಈ ಮಾವಿನ ಹಣ್ಣುಗಳ ರುಚಿ ಚೆನ್ನಾಗಿದೆ’ ಎಂಬ ವಾಕ್ಯದಲ್ಲಿ ‘ರುಚಿ’ ಕ್ರಿಯಾಪದದ ಹತ್ತಿರದಲ್ಲೇ ಇದೆ. ಇಂಗ್ಲಿಷಿನಲ್ಲಿ ಅದು ಮೊದಲೇ ಬಂದುಬಿಡುತ್ತದೆ: ‘ದಿ ಟೇಸ್ಟ್ ಆಫ್ ದೀಸ್ ಮ್ಯಾಂಗೋಸ್’. ಕ್ರಿಯಾಪದದ ಪಕ್ಕದಲ್ಲಿ ‘ಮ್ಯಾಂಗೋಸ್’ ಎಂಬ ಬಹುವಚನ ಕಂಡು ನಾವು ‘ಆರ್’ ಬರೆದುಬಿಡುತ್ತೇವೆ. ಕರ್ತೃ ‘ಟೇಸ್ಟ್’, ಆದ್ದರಿಂದ ‘ಈಸ್’. ನಾನು ಪೆನ್ಸಿಲಿನಿಂದ ‘ಆಫ್’ನಿಂದ ಮುಂದಿನ ಭಾಗಕ್ಕೆ ಕಂಸ ಹಾಕಿ, ಉಳಿದದ್ದನ್ನು ಮಾತ್ರ ಓದುತ್ತೇನೆ.

4. ‘ಎಂದು ಹೇಳಿದ’

ಕನ್ನಡದಲ್ಲಿ ಇನ್ನೊಬ್ಬರ ಮಾತನ್ನು ಹಾಗೆಯೇ ಇಟ್ಟು ‘ಎಂದ’ ಸೇರಿಸಿದರೆ ಆಯಿತು. ‘ನಾನು ನಾಳೆ ಬರುತ್ತೇನೆ ಎಂದ.’ ಇಂಗ್ಲಿಷ್ ರಿಪೋರ್ಟೆಡ್ ಸ್ಪೀಚಿನಲ್ಲಿ ಇಲ್ಲಿ ಮೂರು ವಿಷಯ ಬದಲಾಗುತ್ತವೆ. ‘ಐ’ ಇದ್ದದ್ದು ‘ಹಿ’, ‘ವಿಲ್’ ಇದ್ದದ್ದು ‘ವುಡ್’, ‘ಟುಮಾರೋ’ ಇದ್ದದ್ದು ‘ದಿ ನೆಕ್ಸ್ಟ್ ಡೇ’. ನಾನು ಅಂಚಿನಲ್ಲಿ ‘ಯಾರು, ಕಾಲ, ಯಾವಾಗ’ ಎಂದು ಬರೆದುಕೊಂಡು ಒಂದೊಂದಕ್ಕೂ ಗುರುತು ಹಾಕುತ್ತೇನೆ.

ಪ್ರಶ್ನೆಯಾದರೆ ಇನ್ನೊಂದು ಹೆಜ್ಜೆ ಇದೆ. ‘ವೇರ್ ಡು ಯು ಲಿವ್?’ ಎಂಬುದು ‘ಹಿ ಆಸ್ಕ್ಡ್ ಮಿ ವೇರ್ ಐ ಲಿವ್ಡ್’ ಆಗುತ್ತದೆ. ‘ಡು’ ಬಿಟ್ಟುಹೋಗುತ್ತದೆ, ಪ್ರಶ್ನಾರ್ಥಕ ಚಿಹ್ನೆಯೂ ಹೋಗುತ್ತದೆ.

5. ಪದಗಳನ್ನು ಕಲಿಯುವುದು

ಮೊದಲು ನಾನು ದಿನಕ್ಕೆ ಇಪ್ಪತ್ತು ಪದ ಬರೆದು ಮರುದಿನ ಇಪ್ಪತ್ತನ್ನೂ ಮರೆಯುತ್ತಿದ್ದೆ. ಈಗ ಐದು ಮಾತ್ರ. ಅವನ್ನೂ ಪಾಠದ ವಾಕ್ಯದ ಸಮೇತ ಬರೆಯುತ್ತೇನೆ. ಸುಬಹ್ ನಮಾಜಿನ ನಂತರ ಅರ್ಧ ಗಂಟೆ ಹಿಂದಿನ ದಿನದ ಪದಗಳನ್ನು ಪುಸ್ತಕ ಮುಚ್ಚಿ ಬರೆದು ನೋಡುತ್ತೇನೆ.

ವಿರುದ್ಧ ಪದಗಳಿಗೆ ನಮ್ಮ ಭಾಷೆಯೇ ಸಹಾಯ ಮಾಡುತ್ತದೆ. ಅನ್ಯಾಯದ ‘ಅ’, ಬೇಜವಾಬ್ದಾರಿಯ ‘ಬೇ’, ಗೈರುಹಾಜರಿಯ ‘ಗೈರು’, ನಾಲಾಯಕಿನ ‘ನಾ’: ನಮ್ಮಲ್ಲೂ ಎಷ್ಟೊಂದು ಇವೆ ನೋಡಿ. ಇಂಗ್ಲಿಷಿನಲ್ಲಿ ‘ಅನ್’, ‘ಡಿಸ್’, ‘ಇನ್’ ಇದೇ ಕೆಲಸ ಮಾಡುತ್ತವೆ. ಇದರಲ್ಲಿ ‘ಇನ್’ ಎಂಬುದು ಮುಂದಿನ ಅಕ್ಷರಕ್ಕೆ ತಕ್ಕಂತೆ ವೇಷ ಬದಲಿಸುತ್ತದೆ. ‘ಪಾಸಿಬಲ್’ ಮುಂದೆ ‘ಇಮ್’, ‘ಲೀಗಲ್’ ಮುಂದೆ ‘ಇಲ್’, ‘ರೆಗ್ಯುಲರ್’ ಮುಂದೆ ‘ಇರ್’. ‘ಸತ್’ ಮತ್ತು ‘ಜನ’ ಸೇರಿ ‘ಸಜ್ಜನ’ ಆಗುವ ಸಂಧಿಯನ್ನು ಕಲಿತವರಿಗೆ ಇದೇನೂ ಹೊಸದಲ್ಲ.

ಅರಬಿ ಓದಿದವರಿಗೆ ಇನ್ನೊಂದು ಖುಷಿ. ‘ಮ್ಯಾಗಝೀನ್’ ಬಂದದ್ದು ಉಗ್ರಾಣಗಳು ಎಂಬ ಅರ್ಥದ ‘ಮಖಾಝಿನ್’ನಿಂದ. ಮದ್ದುಗುಂಡು ಇಡುವ ಜಾಗಕ್ಕೂ ಲೇಖನಗಳನ್ನು ತುಂಬಿಟ್ಟ ಪತ್ರಿಕೆಗೂ ಒಂದೇ ಹೆಸರು ಇರುವುದು ಅದಕ್ಕೇ. ‘ಆಲ್ಜೀಬ್ರಾ’ ಅಲ್-ಜಬ್ರ್‌ನಿಂದ, ‘ಕಾಟನ್’ ಕುತ್ನ್‌ನಿಂದ ಬಂದವು. ಕಥೆ ಗೊತ್ತಾದ ಪದ ಮರೆಯುವುದಿಲ್ಲ.

6. ಪ್ಯಾಸೇಜ್ ಓದುವಾಗ

ನಾನು ಮೊದಲು ಪ್ಯಾಸೇಜನ್ನು ಆರಂಭದಿಂದ ಕನ್ನಡಕ್ಕೆ ಅನುವಾದ ಮಾಡುತ್ತಾ ಹೋಗುತ್ತಿದ್ದೆ. ಗೊತ್ತಿಲ್ಲದ ಮೊದಲ ಪದಕ್ಕೇ ನಿಂತುಬಿಡುತ್ತಿದ್ದೆ. ಈಗ ಪ್ರಶ್ನೆಗಳನ್ನು ಮೊದಲು ಓದುತ್ತೇನೆ. ಯಾರು, ಯಾವಾಗ, ಯಾಕೆ ಎಂದು ಏನು ಕೇಳಿದ್ದಾರೆ ನೋಡಿ, ನಂತರ ಪ್ಯಾಸೇಜನ್ನು ನಿಲ್ಲದೆ ಒಮ್ಮೆ ಓದಿ, ಎರಡನೇ ಸಲ ಉತ್ತರ ಹುಡುಕುತ್ತೇನೆ. ಗೊತ್ತಿಲ್ಲದ ಪದವನ್ನು ದಾಟಿ ಹೋಗುತ್ತೇನೆ. ಹೆಚ್ಚಿನ ಸಲ ಅದು ಉತ್ತರಕ್ಕೆ ಬೇಕಾಗಿಯೇ ಇರುವುದಿಲ್ಲ.

ಸರ್ವನಾಮ ಯಾರನ್ನು ಸೂಚಿಸುತ್ತದೆ ಎಂಬ ಪ್ರಶ್ನೆಗೆ ಮೇಡಂ ಬೋರ್ಡಿನಲ್ಲಿ ಒಂದು ಉದಾಹರಣೆ ಬರೆದಿದ್ದರು. ‘ಹಾಜಿ ಅಬ್ದುಲ್ಲಾ ಫೌಂಡೆಡ್ ಎ ಬ್ಯಾಂಕ್ ಇನ್ ಉಡುಪಿ ಇನ್ 1906. ಇಟ್ ಲೇಟರ್ ಬಿಕೇಮ್ ಕಾರ್ಪೊರೇಷನ್ ಬ್ಯಾಂಕ್, ವಿಚ್ ವಾಸ್ ಮರ್ಜ್ಡ್ ವಿತ್ ಯೂನಿಯನ್ ಬ್ಯಾಂಕ್ ಇನ್ 2020.’ ‘ಇಟ್’ ಅಂದರೆ ಯಾವುದು? ಹತ್ತಿರ ಇರುವ ಹೆಸರೆಂದು ನಾವು ಹಲವರು ‘ಉಡುಪಿ’ ಎಂದೆವು. ಮೇಡಂ ‘ಇಟ್’ ಅಳಿಸಿ ಅಲ್ಲಿ ಉಡುಪಿ ಎಂದು ಬರೆದು ಗಟ್ಟಿಯಾಗಿ ಓದಿಸಿದರು. ಉಡುಪಿ ನಂತರ ಕಾರ್ಪೊರೇಷನ್ ಬ್ಯಾಂಕ್ ಆಯಿತು! ಇಡೀ ತರಗತಿ ನಕ್ಕಿತು. ಅಂದಿನಿಂದ ಸರ್ವನಾಮದ ಜಾಗದಲ್ಲಿ ಉತ್ತರವನ್ನು ಇಟ್ಟು ಓದದೆ ಮುಂದೆ ಹೋಗುವುದಿಲ್ಲ.

7. ಪರೀಕ್ಷೆಯ ಕೋಣೆಯಲ್ಲಿ

ಪ್ರಶ್ನೆ ಸಂಖ್ಯೆಯನ್ನು ಸರಿಯಾಗಿ ಬರೆಯಿರಿ. ಒಂದು ಪದ ಅಥವಾ ಒಂದು ವಾಕ್ಯದಲ್ಲಿ ಕೇಳಿದ್ದಕ್ಕೆ ಅರ್ಧ ಪುಟ ಬರೆಯಬೇಡಿ. ಆ ಸಮಯ ಪತ್ರ ಬರೆಯಲು ಬೇಕಾಗುತ್ತದೆ. ಗ್ರಾಮರ್ ಪ್ರಶ್ನೆಗಳನ್ನು ಕೊನೆಯ ಹತ್ತು ನಿಮಿಷಕ್ಕೆ ಉಳಿಸಿಕೊಳ್ಳಬೇಡಿ, ಗಡಿಬಿಡಿಯಲ್ಲಿ ಗೊತ್ತಿರುವುದೂ ತಪ್ಪುತ್ತದೆ. ಖಾಲಿ ಬಿಟ್ಟ ಜಾಗಕ್ಕೆ ಅಂಕ ಸಿಗುವುದಿಲ್ಲ. ಹಾಗಾಗಿ ಯೋಚಿಸಿ ಏನಾದರೂ ಬರೆಯಿರಿ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನನಗೆ 80ಕ್ಕೆ 52 ಬಂತು. ದೊಡ್ಡ ಅಂಕವೇನಲ್ಲ. ಆದರೆ ಆ ಪತ್ರಿಕೆಯನ್ನು ನಾನು ಮಡಚಲಿಲ್ಲ, ಬಿಡಿಸಿಕೊಂಡೇ ಮನೆಗೆ ತಂದೆ. ಮೂರು ತಿಂಗಳು ರಾತ್ರಿ ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂತು ನಾನು ಗಟ್ಟಿಯಾಗಿ ಓದಿದ್ದನ್ನೆಲ್ಲ ಅಕ್ಕ ಕೇಳಿಸಿಕೊಂಡಿದ್ದಳು. ಮೊನ್ನೆ ನನ್ನ ಪ್ರಶ್ನೆ ಪತ್ರಿಕೆ ತೆಗೆದುಕೊಂಡು ಗ್ರಾಮರ್ ಭಾಗವನ್ನು ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಲ್ಲೇ ಬಿಡಿಸಿದಳು. ನಾನು ತಿದ್ದಿದೆ. ಎರಡೇ ತಪ್ಪು.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಹಳೆಯ ಮಾರ್ಕ್ಸ್ ಕಾರ್ಡ್ ಕಪಾಟಿನಲ್ಲಿದೆ. ಮತ್ತೆ ಪರೀಕ್ಷೆ ಕಟ್ಟಲು ಏನೆಲ್ಲ ಬೇಕೆಂದು ನಿಮ್ಮ ಕಾಲೇಜಿನ ಆಫೀಸಿನಲ್ಲಿ ಒಂದು ಮಾತು ಕೇಳ್ತೀಯಾ?’ ಎಂದಳು.

ಸೋಮವಾರ ಕೇಳಲಿದ್ದೇನೆ. ವಾರ್ಷಿಕ ಪರೀಕ್ಷೆಗೆ ಇನ್ನು ಹೆಚ್ಚು ದಿನಗಳಿಲ್ಲ. ನೀವೂ ನಿಮ್ಮ ಹಳೆಯ ಉತ್ತರ ಪತ್ರಿಕೆ ತೆಗೆಯಿರಿ, ತಪ್ಪುಗಳ ಪಟ್ಟಿ ಮಾಡಿ, ಅಲ್ಲಿಂದಲೇ ಓದಲು ಶುರು ಮಾಡಿ. ಎಲ್ಲರಿಗೂ ಶುಭವಾಗಲಿ.