ಬಾದಾಮಿ, ಐಹೊಳೆ, ಪಟ್ಟದಕಲ್ಲು: ಕೃಷ್ಣಾ ತೀರದಿಂದ ಎರಡು ದಿನದ ಪ್ರವಾಸ

ಬಾಗಲಕೋಟೆ ಜಿಲ್ಲೆಯ ದಕ್ಷಿಣದಲ್ಲಿ, ಮಲಪ್ರಭೆಯ ಕಣಿವೆಯ ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ಬಾದಾಮಿ, ಪಟ್ಟದಕಲ್ಲು, ಐಹೊಳೆ ಒಂದರ ಮಗ್ಗುಲಿಗೆ ಒಂದು ಇವೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಐಹೊಳೆಗೆ ಸುಮಾರು 35 ಕಿ.ಮೀ. ಕ್ರಿ.ಶ. 543ರಲ್ಲಿ ಚಾಲುಕ್ಯ ದೊರೆ ಒಂದನೆಯ ಪುಲಕೇಶಿ ವಾತಾಪಿಯ, ಅಂದರೆ ಇಂದಿನ ಬಾದಾಮಿಯ ಬಂಡೆಯ ಮೇಲೆ ಕೋಟೆ ಕಟ್ಟಿಸಿದ. ಅಲ್ಲಿಂದ ಎರಡು ಶತಮಾನ ಚಾಲುಕ್ಯರು ಈ ಕಣಿವೆಯಿಂದಲೇ ಆಳಿದರು. ಗುಡಿ ಹೇಗಿರಬೇಕು ಎಂಬುದು ಇನ್ನೂ ಗಟ್ಟಿಯಾಗಿ ನಿಶ್ಚಯವಾಗದ ಆ ಕಾಲದಲ್ಲಿ ಇಲ್ಲಿನ ಶಿಲ್ಪಿಗಳು ಬಂಡೆ ಕೊರೆದು ನೋಡಿದರು, ಚಪ್ಪಡಿ ಜೋಡಿಸಿ ನೋಡಿದರು, ಉತ್ತರದ ಶಿಖರವನ್ನೂ ದಕ್ಷಿಣದ ವಿಮಾನವನ್ನೂ ಒಂದೇ ಬಯಲಿನಲ್ಲಿ ನಿಲ್ಲಿಸಿದರು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದವರಿಗೆ ಇದು ದೂರದ ಊರಲ್ಲ. ಆದರೂ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋಗಿ, ತಾಯಿಯ ದರ್ಶನ ಮುಗಿಸಿ, ಬಾದಾಮಿಯ ಗುಹೆಗಳಲ್ಲಿ ಅರ್ಧ ತಾಸು ಕಳೆದು ಊರಿಗೆ ಮರಳುವವರೇ ಹೆಚ್ಚು. ಮೂರು ಊರುಗಳನ್ನು ಒಂದೇ ದಿನಕ್ಕೆ ತುರುಕಿದರೆ ನೆನಪಿನಲ್ಲಿ ಕಲ್ಲುಗಳಷ್ಟೇ ಉಳಿಯುತ್ತವೆ. ಎರಡು ದಿನ, ನಡುವೆ ಬಾದಾಮಿಯಲ್ಲಿ ಒಂದು ರಾತ್ರಿಯ ವಸತಿ ಬೇಕು.

ಯಾವುದು ಮೊದಲು

ಮೊದಲು ಬಾದಾಮಿ, ಆಮೇಲೆ ಐಹೊಳೆ, ಕೊನೆಗೆ ಪಟ್ಟದಕಲ್ಲು. ಬಾದಾಮಿಯಿಂದ ಹೊರಟವರಿಗೆ ದಾರಿಯಲ್ಲಿ ಪಟ್ಟದಕಲ್ಲೇ ಮೊದಲು ಸಿಗುವುದರಿಂದ ಬಹುತೇಕರು ಅಲ್ಲಿಯೇ ಇಳಿಯುತ್ತಾರೆ. ಹಾಗೆ ಮಾಡದೆ ಅದನ್ನು ದಾಟಿ ಐಹೊಳೆಗೆ ಹೋಗಿ, ಹಿಂತಿರುಗುವಾಗ ಪಟ್ಟದಕಲ್ಲನ್ನು ನೋಡುವುದು ಒಳ್ಳೆಯದು. ಐಹೊಳೆ ಕಲಿಕೆಯ ಊರು, ಪಟ್ಟದಕಲ್ಲು ಆ ಕಲಿಕೆ ಪಕ್ವವಾದ ಊರು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಮೊದಲೇ ನೋಡಿದವರ ಕಣ್ಣಿಗೆ ಐಹೊಳೆಯ ಗಿಡ್ಡ ಗುಡಿಗಳು ಸಪ್ಪೆಯಾಗಿ ಕಂಡುಬಿಡುತ್ತವೆ. ಅದು ಐಹೊಳೆಗೆ ಮಾಡುವ ಅನ್ಯಾಯ.

ಹೊರಡುವ ಮುನ್ನ

ನವೆಂಬರಿನಿಂದ ಫೆಬ್ರುವರಿವರೆಗಿನ ಕಾಲ ಅನುಕೂಲ. ಮಾರ್ಚ್ ನಂತರ ಬಂಡೆಗಳೇ ಕಾಯ್ದು ಝಳ ಬಿಡುತ್ತವೆ. ಹೋಗಲೇಬೇಕಾದರೆ ಬೆಳಿಗ್ಗೆ ಹತ್ತರೊಳಗೆ ಮತ್ತು ಸಂಜೆ ನಾಲ್ಕರ ನಂತರ ನೋಡಬೇಕು. ಮಳೆಗಾಲದಲ್ಲಿ ಬಾದಾಮಿಯ ಬಂಡೆಗಳಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ, ನೋಡುವಂಥದ್ದೇ. ಆದರೆ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಲಪ್ರಭೆ ಉಕ್ಕುತ್ತದೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತ್ತು. ಅದೇ ದಿನಗಳಲ್ಲಿ ಕೃಷ್ಣೆಯೂ ತುಂಬಿ ಹರಿಯುವುದುಂಟು. ಆದ್ದರಿಂದ ಚಿಕ್ಕಪಡಸಲಗಿಯಂಥ ನದಿ ದಂಡೆಯ ಊರಿನವರು ಎರಡೂ ಹೊಳೆಗಳ ಸುದ್ದಿ ಕೇಳಿಕೊಂಡೇ ಹೊರಡಬೇಕು.

ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಬಾದಾಮಿ, ಐಹೊಳೆ ಎರಡೂ ಕಡೆ ಇಂಥ ಸಂಗ್ರಹಾಲಯಗಳಿರುವುದರಿಂದ ಪ್ರವಾಸದ ನಡುವೆ ಶುಕ್ರವಾರ ಬರದಂತೆ ನೋಡಿಕೊಳ್ಳಬೇಕು. ಗುಹೆಗಳಿಗೂ ಗುಡಿಗಳ ಆವರಣಕ್ಕೂ ಟಿಕೆಟ್ ಇದೆ. 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಟೊಪ್ಪಿಗೆ, ನೀರು, ಬಂಡೆಯ ಮೇಲೆ ಜಾರದ ಚಪ್ಪಲಿ ಮತ್ತು ಒಂದು ಸಣ್ಣ ಬ್ಯಾಟರಿ ಜೊತೆಗಿರಲಿ. ಗರ್ಭಗುಡಿ, ಒಳ ಮಂಟಪಗಳ ಕತ್ತಲಲ್ಲಿ ಒಳ್ಳೆಯ ಕೆತ್ತನೆಗಳು ಬ್ಯಾಟರಿಯಿಲ್ಲದೆ ಕಾಣುವುದಿಲ್ಲ.

ದಾರಿ

ಚಿಕ್ಕಪಡಸಲಗಿಯ ಬಳಿ, 1989ರಲ್ಲಿ ರೈತರೇ ಹಣ ಹಾಕಿ ಶ್ರಮದಾನ ಮಾಡಿ ಕೃಷ್ಣೆಗೆ ಕಟ್ಟಿದ ಶ್ರಮಬಿಂದು ಸಾಗರ ಬ್ಯಾರೇಜಿದೆ. ಅಲ್ಲಿಂದ ಜಮಖಂಡಿಗೆ ಬಂದು ಮುಧೋಳ, ಲೋಕಾಪುರ ದಾಟಿ ಕೆರೂರಿನ ಮೂಲಕ ಬಾದಾಮಿ ಸೇರಬಹುದು. ಸ್ವಂತ ವಾಹನದವರಿಗೆ ಇದು ಸರಿಯಾದ ದಾರಿ. ಬಸ್ಸಿನವರು ಬಾಗಲಕೋಟೆಗೆ ಹೋಗಿ ಅಲ್ಲಿ ಬದಲಿಸುವುದು ಮೇಲು. ಬಾಗಲಕೋಟೆಯಿಂದ ಬಾದಾಮಿಗೆ ಬಸ್ಸಷ್ಟೇ ಅಲ್ಲ, ರೈಲೂ ಇದೆ. ಆದರೆ ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ಹೊರಗಿದೆ, ಅಲ್ಲಿಂದ ಟಂಟಂ ಹಿಡಿಯಬೇಕು. ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ಉಚಿತವಾಗಿ ಹೋಗುವ ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಮರೆಯಬಾರದು.

ಮೊದಲ ದಿನ: ಬಾದಾಮಿ

ನಸುಕಿನಲ್ಲಿ ಹೊರಟರೆ ಮಧ್ಯಾಹ್ನದೊಳಗೆ ಬಾದಾಮಿಯಲ್ಲಿರಬಹುದು. ಮೊದಲು ವಸತಿ ಗೊತ್ತುಮಾಡಿಕೊಳ್ಳಬೇಕು. ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಹೋಟೆಲ್ ಇದೆ, ಊರಿನ ಮುಖ್ಯ ರಸ್ತೆಯಲ್ಲಿ ಖಾಸಗಿ ಲಾಡ್ಜುಗಳೂ ಇವೆ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸಗಳ ಗದ್ದಲವಿರುವುದರಿಂದ ಮುಂಗಡವಾಗಿ ಕಾಯ್ದಿರಿಸುವುದು ಕ್ಷೇಮ. ಊಟಕ್ಕೆ ಬನಶಂಕರಿಯವರೆಗೆ ಹೋಗುವುದು ಒಳ್ಳೆಯದು. ಊರಿನಿಂದ ಸುಮಾರು 5 ಕಿ.ಮೀ. ಹರಿದ್ರಾತೀರ್ಥದ ಬಳಿ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಕೆಂಪು ಚಟ್ನಿ, ಜುಣಕದ ವಡೆ, ಗಡಿಗೆಯ ಮೊಸರು ತಂದು ಮಾರುತ್ತಾರೆ.

ಮೂರರ ಹೊತ್ತಿಗೆ ದಕ್ಷಿಣದ ಗುಡ್ಡದ ಗುಹೆಗಳಿಗೆ ಬರಬೇಕು. ನಾಲ್ಕೂ ಗುಹೆಗಳು ಮೆಟ್ಟಿಲೇರುತ್ತಾ ಒಂದರ ಮೇಲೊಂದು ಸಿಗುತ್ತವೆ. ಮೊದಲನೆಯದರ ಬಾಗಿಲಲ್ಲೇ 18 ಕೈಗಳ ನಟರಾಜನಿದ್ದಾನೆ. ಒಂದೊಂದು ಜೊತೆ ಕೈಯನ್ನು ಬೇರೆಬೇರೆಯಾಗಿ ಗಮನಿಸಿದರೆ ನೃತ್ಯದ ಹಲವು ಭಂಗಿಗಳು ಒಂದೇ ಮೈಯಲ್ಲಿ ಅಡಗಿರುವುದು ತಿಳಿಯುತ್ತದೆ. ಎರಡನೆಯದು ಸಣ್ಣದು, ತ್ರಿವಿಕ್ರಮ, ವರಾಹರನ್ನು ನೋಡಿ ಮುಂದೆ ನಡೆಯಬಹುದು. ಹೆಚ್ಚು ಹೊತ್ತು ಬೇಕಾಗಿರುವುದು ಮೂರನೆಯ ಗುಹೆಗೆ. ಅಲ್ಲಿನ ಸಂಸ್ಕೃತ ಶಾಸನ ಶಕ 500ರ, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯದು; ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ತಮ್ಮ ಮಂಗಲೇಶ ಈ ಗುಹೆಯನ್ನು ಮಾಡಿಸಿದ. ಇಷ್ಟು ಖಚಿತವಾದ ಕಾಲ ಸಿಗುವುದರಿಂದಲೇ ಆ ಯುಗದ ಬೇರೆ ಗುಹೆ, ಗುಡಿಗಳ ವಯಸ್ಸನ್ನು ಅಳೆಯಲು ವಿದ್ವಾಂಸರು ಇದನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆ. ಅನಂತನ ಸುರುಳಿಯ ಮೇಲೆ ಕುಳಿತ ವಿಷ್ಣುವನ್ನು ನೋಡಿದ ಮೇಲೆ ತಲೆ ಎತ್ತಿ ಕಂಬಗಳ ಬೋದಿಗೆಗಳಲ್ಲಿರುವ ಜೋಡಿಗಳನ್ನೂ ಚಾವಣಿಯ ಅಂಚಿನ ಬಣ್ಣದ ಕುರುಹುಗಳನ್ನೂ ನೋಡಬೇಕು. ಆ ಮಾಸಿದ ಬಣ್ಣ ನಾಡಿನ ಬಹಳ ಹಳೆಯ ಭಿತ್ತಿಚಿತ್ರಗಳ ಉಳಿಕೆ. ನಾಲ್ಕನೆಯದು ಜೈನ ಗುಹೆ. ಪಾರ್ಶ್ವನಾಥ, ಬಾಹುಬಲಿ ಎದುರುಬದುರಾಗಿದ್ದಾರೆ. ಮೆಟ್ಟಿಲುಗಳಲ್ಲಿ ಮಂಗಗಳ ಕಾಟ ಬಹಳ. ಕೈಯಲ್ಲಿ ತಿಂಡಿ, ಪ್ಲಾಸ್ಟಿಕ್ ಚೀಲ ಕಂಡರೆ ಬಿಡುವುದಿಲ್ಲ. ಬುತ್ತಿಯನ್ನು ಗಾಡಿಯಲ್ಲೇ ಬಿಟ್ಟು ಬರಬೇಕು.

ಇಳಿದ ಮೇಲೆ ಅಗಸ್ತ್ಯ ತೀರ್ಥದ ದಂಡೆ ಹಿಡಿದು ಪೂರ್ವ ತುದಿಯ ಭೂತನಾಥ ಗುಡಿಗೆ ನಡೆಯಬೇಕು. ಗುಡಿಯ ಮುಖ ಪಡುವಣಕ್ಕಿದೆ. ಇಳಿಹೊತ್ತಿನ ಬೆಳಕು ನೀರನ್ನು ದಾಟಿ ಅದರ ಮೇಲೆ ಬೀಳುತ್ತದೆ. ಬಾದಾಮಿಯಲ್ಲಿ ಸಂಜೆ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಎರಡನೆಯ ದಿನ: ಐಹೊಳೆ

ಕಾಲಲ್ಲಿ ಕಸುವಿರುವವರು ಬೆಳಿಗ್ಗೆ ಬೇಗ ಎದ್ದು ಬಾದಾಮಿಯ ಉತ್ತರದ ಕೋಟೆ ಹತ್ತಬಹುದು. ಇಕ್ಕಟ್ಟಾದ ಬಂಡೆಯ ಸೀಳಿನ ದಾರಿ ಕೆಳಗಿನ ಶಿವಾಲಯ, ಮೇಲಿನ ಶಿವಾಲಯಗಳಿಗೆ ಒಯ್ಯುತ್ತದೆ. ಮಾಲೆಗಿತ್ತಿ ಶಿವಾಲಯ ಬೇರೊಂದು ಬಂಡೆಯ ಮೇಲೆ ಒಂಟಿಯಾಗಿದೆ. ಹತ್ತಲಾಗದವರು ಸೀದಾ ಐಹೊಳೆಯ ದಾರಿ ಹಿಡಿಯಲಿ. ಬಸ್ಸುಗಳು ವಿರಳವಾದ್ದರಿಂದ ದಿನಪೂರ್ತಿಗೆ ಆಟೋ ಅಥವಾ ಕಾರು ಗೊತ್ತುಮಾಡಿಕೊಂಡು, ಯಾವ ಯಾವ ಜಾಗ ಎಂಬುದನ್ನು ಬಾಡಿಗೆಯ ಜೊತೆಗೇ ಮಾತಾಡಿಕೊಳ್ಳಬೇಕು. ದಾರಿಯಿಂದ ಸ್ವಲ್ಪ ಒಳಗೆ ಮಹಾಕೂಟವಿದೆ. ಹೊಂಡದಲ್ಲಿ ಮೀಯುವ ಮನಸ್ಸಿದ್ದವರು ಒಂದು ತಾಸು ಹೆಚ್ಚಿಗೆ ಇಟ್ಟುಕೊಳ್ಳಲಿ.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಎಲ್ಲವನ್ನೂ ನೋಡುವ ಹಟ ಬೇಡ. ಲಾಡಖಾನ್ ಗುಡಿಯಿಂದ ಶುರುಮಾಡುವುದು ಲೇಸು. ಅದರ ಮಾಡು ಇಳಿಜಾರಾದ ಕಲ್ಲಿನ ಚಪ್ಪಡಿಗಳದ್ದು, ಚಪ್ಪಡಿಗಳ ಸಂದು ಮುಚ್ಚಲು ಉದ್ದುದ್ದ ಕಲ್ಲಿನ ಪಟ್ಟಿಗಳಿವೆ. ಮರದ ಮನೆ ಕಟ್ಟಿ ರೂಢಿಯಿದ್ದ ಕೈಗಳು ಕಲ್ಲಿಗೆ ಬಂದಾಗ ಮರದ ಲೆಕ್ಕವನ್ನೇ ಕಲ್ಲಿಗೂ ಹಾಕಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಪಕ್ಕದ ದುರ್ಗ ಗುಡಿಯ ಹಿಂಭಾಗ ಅರ್ಧವೃತ್ತಾಕಾರ. ಒಳಗೆ ದುರ್ಗೆಯಿಲ್ಲ, ಕೋಟೆಯ ಭಾಗವಾಗಿದ್ದರಿಂದ ಆ ಹೆಸರು. ಅದರ ಹೊರಪಡಸಾಲೆಯಲ್ಲಿ ಒಂದು ಸುತ್ತು ನಿಧಾನವಾಗಿ ಬರಬೇಕು. ಸಂಗ್ರಹಾಲಯ ಇದೇ ಆವರಣದಲ್ಲಿದೆ. ಬಳಿಕ ರಾವಣಫಡಿ. ಬಂಡೆಯಲ್ಲಿ ಕೊರೆದ ಈ ಗುಹೆಯಲ್ಲಿ ಸಪ್ತಮಾತೃಕೆಯರ ನಡುವೆ ಶಿವ ಕುಣಿಯುತ್ತಾನೆ.

ಬಿಸಿಲೇರುವ ಮುನ್ನ ಮೇಗುಟಿ ಗುಡ್ಡ ಹತ್ತಬೇಕು. ನಡುದಾರಿಯಲ್ಲಿ ಎರಡು ಅಂತಸ್ತಿನ ಬೌದ್ಧ ಗುಡಿ, ತುದಿಯಲ್ಲಿ ಜಿನಾಲಯ. ರವಿಕೀರ್ತಿ ಇದನ್ನು ಕಟ್ಟಿಸಿದ್ದು 634ರಲ್ಲಿ. ಗೋಡೆಯ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ ಕಥೆಯಿದೆ. ಶಾಸನದ ಕವಿಯೂ ಆದ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ಇಟ್ಟುಕೊಂಡಿದ್ದಾನೆ. ಆ ಇಬ್ಬರು ಕವಿಗಳ ಕಾಲ ನಿರ್ಣಯಕ್ಕೂ ಈ ಗೋಡೆಯೇ ಸಾಕ್ಷಿ. ಹತ್ತಲು ಬೇಸರಿಸಿ ಕೆಳಗೇ ಉಳಿಯುವವರು ಐಹೊಳೆಯ ಅರ್ಧವನ್ನು ಕಳೆದುಕೊಳ್ಳುತ್ತಾರೆ.

ಪಟ್ಟದಕಲ್ಲು

ಊಟ ಮುಗಿಸಿ ಎರಡೂವರೆಯೊಳಗೆ ಪಟ್ಟದಕಲ್ಲು ತಲುಪಿದರೆ ಸಾಕಷ್ಟು ಹೊತ್ತು ಸಿಗುತ್ತದೆ. ಇಲ್ಲಿನ ಗುಡಿಗಳು 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಮೊದಲು ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥಗಳ ಬಾಗಿದ ರೇಖಾನಾಗರ ಶಿಖರಗಳನ್ನು ನೋಡಿ, ತಕ್ಷಣ ಸಂಗಮೇಶ್ವರನ ಅಂತಸ್ತಿನ ದ್ರಾವಿಡ ವಿಮಾನಕ್ಕೆ ಕಣ್ಣು ಹಾಯಿಸಬೇಕು. ಎರಡು ಶೈಲಿಗಳ ವ್ಯತ್ಯಾಸ ಇಷ್ಟು ಸುಲಭವಾಗಿ ಅರ್ಥವಾಗುವ ಜಾಗ ಸಿಗುವುದು ಅಪರೂಪ. ಸಂಗಮೇಶ್ವರವನ್ನು ಕಟ್ಟಿಸಿದವನು ವಿಜಯಾದಿತ್ಯ.

ವಿರೂಪಾಕ್ಷ ಗುಡಿಗೆ ಕನಿಷ್ಠ ಒಂದು ತಾಸು ಬೇಕು. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಇದನ್ನು ಕಟ್ಟಿಸಿದಳು. ಶಿಲ್ಪಿಯ ಹೆಸರು ಗುಂಡ, ಅನಿವಾರಿತಾಚಾರಿ ಎಂಬುದು ಅವನ ಬಿರುದು. ಗೆದ್ದ ಊರಿನ ಕೈಲಾಸನಾಥ ಗುಡಿಯ ಪ್ರಭಾವ ಇಲ್ಲಿದೆ, ಇಲ್ಲಿಯ ಪ್ರಭಾವ ಎಲ್ಲೋರದ ಕೈಲಾಸದಲ್ಲಿದೆ. ಒಳ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು ಪಟ್ಟಿಪಟ್ಟಿಯಾಗಿವೆ. ಮಕ್ಕಳ ಜೊತೆ ಹೋದವರು ಒಂದೊಂದನ್ನು ಗುರುತಿಸುತ್ತಾ ಹೋಗಬಹುದು. ಪೂಜೆ ಇಂದಿಗೂ ನಡೆಯುವ ಗುಡಿಯಾದ್ದರಿಂದ ಚಪ್ಪಲಿ ಹೊರಗೆ ಬಿಡಬೇಕು. ಮುಖ ಮೂಡಣಕ್ಕಿರುವುದರಿಂದ ಮುಂಭಾಗದ ಫೋಟೋಕ್ಕೆ ಬೆಳಗಿನ ಹೊತ್ತೇ ಸರಿ. ಅದೇ ಮುಖ್ಯವೆನಿಸಿದವರು ಮೇಲೆ ಹೇಳಿದ ಕ್ರಮವನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಮಗ್ಗುಲಿನ ಮಲ್ಲಿಕಾರ್ಜುನ ಗುಡಿಯನ್ನು ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದಳು. ದಕ್ಷಿಣಕ್ಕೆ ಸ್ವಲ್ಪ ನಡೆದರೆ ಪಾಪನಾಥ. ದ್ರಾವಿಡ ಗೋಡೆಯ ಮೇಲೆ ನಾಗರ ಶಿಖರ ಹೊತ್ತ ಈ ಗುಡಿಯನ್ನು ತಪ್ಪಿಸಬಾರದು.

ಮೂರೂ ಊರುಗಳಲ್ಲಿ ಒಂದು ಎಚ್ಚರ ಬೇಕು. ಶಿಲ್ಪಗಳಿಗೆ ಎಣ್ಣೆ, ಕುಂಕುಮ ಹಚ್ಚುವುದು, ಹೆಸರು ಗೀಚುವುದು, ಮೂರ್ತಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುವುದು ಕಲ್ಲನ್ನು ತಿನ್ನುತ್ತವೆ. ಮರಳುಗಲ್ಲು ಮೆದು, ಒಮ್ಮೆ ಸವೆದದ್ದು ಮತ್ತೆ ಬಾರದು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಮರಳುವಾಗ ಗುಳೇದಗುಡ್ಡದ ಮೇಲಿನಿಂದ ಬಾಗಲಕೋಟೆಗೆ ಬರುವುದು ಹತ್ತಿರ. ನೇಕಾರರ ಊರಾದ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ಕೊಳ್ಳಬಹುದು. ಬಾಗಲಕೋಟೆಯಿಂದ ಗದ್ದನಕೇರಿ ಕ್ರಾಸ್ ದಾಟಿ ಬೀಳಗಿಯವರು ಒಂದು ಕಡೆಗೆ, ಮುಧೋಳ, ರಬಕವಿ-ಬನಹಟ್ಟಿಯವರು ಇನ್ನೊಂದು ಕಡೆಗೆ ತಿರುಗುತ್ತಾರೆ. ಬಸ್ಸನ್ನೇ ನಂಬಿದವರು ಪಟ್ಟದಕಲ್ಲನ್ನು ಐದು ಗಂಟೆಗೆ ಬಿಡಬೇಕು. ಚಿಕ್ಕಪಡಸಲಗಿಯಂಥ ಹಳ್ಳಿಗಳಿಗೆ ಜಮಖಂಡಿಯಿಂದ ಹೋಗುವ ಕೊನೆಯ ಬಸ್ಸಿನ ಹೊತ್ತನ್ನು ಹೊರಡುವ ದಿನವೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಬೇಕು.