ಹಳೆಯ ಕಾಂಗಾಕ್ಕೆ ಹೊಸ ಮುಚ್ಚಿಗೆ
ಕ್ಯೂಬಾ ದ್ವೀಪದ ಕಾಂಗಾ ಒಂಟಿಮುಖದ ಚರ್ಮವಾದ್ಯ. ಹಿಂದೆ ಅದರ ಚರ್ಮವನ್ನು ಮೊಳೆ ಹೊಡೆದು ಬಿಗಿದು, ಬೆಂಕಿಗೆ ಕಾಯಿಸಿ ಶ್ರುತಿಗೊಳಿಸುತ್ತಿದ್ದರು. ಅನಂತರ ಲೋಹದ ಬಳೆಯೂ ತಿರುಪುಗಳೂ ಬಂದವು. ಹಳೆಯ ಕಾಂಗಾಗಳ ಅಳತೆ ಒಂದೇ ತೆರನಲ್ಲ. ‘11 ಅಂಗುಲದ್ದು’ ಎಂಬ ಮಾತನ್ನೇ ನಂಬಿ ಮುಚ್ಚಿಗೆ ಕೊಂಡರೆ ಅದು ಕೂರದಿರಬಹುದು. ಆದುದರಿಂದ ನಾವು ಮೊದಲು ಮರದ ಅಂಚಿನ ಹೊರವ್ಯಾಸವನ್ನು ಹಲವು ದಿಕ್ಕುಗಳಲ್ಲಿ ಅಳೆಯೋಣ. ಹಳೆಯ ಮರವು ಪೂರ್ಣ ವೃತ್ತವಾಗಿ ಉಳಿದಿರಲಾರದು. ಚರ್ಮ ಸುತ್ತಿದ ಉಂಗುರವು ಈ ಅಂಚನ್ನು ಸಡಿಲವಾಗಿ ದಾಟಿ ಇಳಿಯಬೇಕು. ಬಳೆಯು ಉಂಗುರದ ಮೇಲೆ ಸಮನಾಗಿ ಕೂರಬೇಕು.

ಇನ್ನು ದಪ್ಪದ ಮಾತು. ಭಾರವಾದ ಚರ್ಮ ನಿಧಾನವಾಗಿ ಕಂಪಿಸುವುದು. ದಪ್ಪವು ಇಮ್ಮಡಿಯಾದರೆ, ಅದೇ ಶ್ರುತಿಗೆ ಬಿಗಿತವೂ ಇಮ್ಮಡಿಯಾಗಬೇಕು. ಆ ಎಳೆತವನ್ನು ತಾಳಲಾರದೆ ಹಳೆಯ ಮರ ಸೀಳಬಹುದು. ಆದುದರಿಂದ ಮೊದಲಿದ್ದ ಚರ್ಮದ ದಪ್ಪವನ್ನೇ ನಾವು ಅನುಸರಿಸುವುದು ಲೇಸು.